ಕಾಲು ಜಾರಿದ ಕಲ್ಲಿನಿಂದ ಶುರು ಮಾಡಿ

ನಮಸ್ಕಾರ. ಭಾಗೀರಥಿ ಹಿಮನದಿಯಿಂದ ಹೊರಬರುವ ಗೋಮುಖಕ್ಕೆ ಹೋಗಿ ಬಂದು ನೀವು ಡೊಂಬಿವಲಿಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ, ಒಮ್ಮೆ ಮಾಟುಂಗಾದ ನಮ್ಮ ಕಚೇರಿಯಲ್ಲಿ, ಇನ್ನೊಮ್ಮೆ ಲೋಕಲ್ ಟ್ರೈನಲ್ಲಿ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಬರೀ ಗಂಗೆಯ ಮಹಿಮೆ. ತೆಗೆದುಬಿಡಿ. ಮೂರನೇ ಪುಟದಲ್ಲಿ ಒಂದು ಸಾಲಿದೆ, ಪಕ್ಕದ ತಿಳಿನೀರಿನ ತೊರೆಯಲ್ಲಿ ಕಂದು ಲೋಳೆ ಮೆತ್ತಿದ ಕಲ್ಲಿನ ಮೇಲೆ ಕಾಲು ಜಾರಿತು ಅಂತ. ನಿಮ್ಮ ಲೇಖನ ಇರುವುದೇ ಅಲ್ಲಿ. ಭಾಗೀರಥಿಯ ಕಲ್ಲುಗಳು ಬೋಳಾಗಿದ್ದವು ಅಂತ ನೀವೇ ಬರೆದಿದ್ದೀರಿ, ಆ ಕಂದು ಲೋಳೆ ಪಾಚಿಯೇ, ಹತ್ತು ಹೆಜ್ಜೆ ಆಚೆ ದಪ್ಪಗೆ ಬೆಳೆದಿದೆ, ಯಾಕೆ ಅಂತ ಕೇಳಬೇಕು ಅನಿಸಲಿಲ್ವಾ?

ಚಳಿಗೆ ಅಲ್ಲಿ ಏನೂ ಬೆಳೆಯುವುದಿಲ್ಲ ಅನ್ನುವ ನಿಮ್ಮ ಮಾತು ತಪ್ಪು. ಎರಡೂ ಕಡೆ ನೀರು ತಣ್ಣಗೇ ಇತ್ತಲ್ಲ. ಹಿಮನದಿ, ಅಂದರೆ ಮೆಲ್ಲಗೆ ಜಾರುವ ಮಂಜುಗಡ್ಡೆಯ ರಾಶಿ, ಬಂಡೆಯನ್ನು ಅರೆದು ಹಿಟ್ಟು ಮಾಡುತ್ತದೆ. ಆ ಹಿಟ್ಟು ಬೆರೆತ ಬೂದು ನೀರಲ್ಲಿ ತಳದವರೆಗೆ ಬೆಳಕು ಇಳಿಯುವುದಿಲ್ಲ. ಬೇಸಿಗೆಯಲ್ಲಿ ಹಗಲಿನ ಬಿಸಿಲಿಗೆ ಹಿಮ ಕರಗಿ ಸಂಜೆ ಹೊತ್ತಿಗೆ ನೀರು ಏರುತ್ತದೆ, ಕಲ್ಲು ಉರುಳುತ್ತವೆ, ಮರಳು ಉಜ್ಜುತ್ತದೆ, ಹೇಗೋ ಅಂಟಿಕೊಂಡಿದ್ದ ಪಾಚಿಯೂ ಕಿತ್ತುಹೋಗುತ್ತದೆ. ತೊರೆಗಳನ್ನು ಬೆಳಗ್ಗೆಯೇ ದಾಟಬೇಕು ಅಂತ ಗೈಡ್ ಹೇಳಿದ್ದು ಇದಕ್ಕೇ. ಎರಡನ್ನೂ ಜೋಡಿಸಿ ಬರೆಯಿರಿ. ನೆಲದೊಳಗಿಂದ ಉಕ್ಕುವ ತೊರೆಗೆ ಈ ಕಾಟ ಕಡಿಮೆ. ನೀರು ತಿಳಿ, ಕಲ್ಲು ಅಲುಗುವುದಿಲ್ಲ, ಹಾಗಾಗಿ ಪಾಚಿ ಜಾಸ್ತಿ.

ನೀವು ಮುಟ್ಟದೇ ಬಿಟ್ಟ ಒಂದು ವಿಷಯ ನನಗೆ ತುಂಬಾ ಇಷ್ಟ. ಹಿಮ ಕರಗಿದ ನೀರಲ್ಲೂ ಪಾಚಿಗೆ ಒಂದು ಕಾಲ ಇದೆ. ಕರಗುವುದು ಜೋರಾಗುವ ಮುಂಚೆ, ಮತ್ತೆ ಅದು ತಗ್ಗಿದ ಮೇಲೆ, ನೀರು ಇಳಿದು ತಿಳಿಯಾದ ಕೆಲವೇ ವಾರ. ಯುರೋಪಿನ ಆಲ್ಪ್ಸ್ ಪರ್ವತಗಳ ತೊರೆಗಳಲ್ಲಿ ಹೈಡ್ರೂರಸ್ ಫೀಟಿಡಸ್ ಎಂಬ ಪಾಚಿ ಕಂದು ಜುಟ್ಟಿನ ಹಾಗೆ ಕಲ್ಲಿಗೆ ಅಂಟಿ ಬೆಳೆಯುತ್ತದೆ. ಕೆಟ್ಟ ವಾಸನೆ, ಹೆಸರಿನ ಅರ್ಥವೂ ಅದೇ. ನೀರು ಬೆಚ್ಚಗಾದರೆ ಮಾಯ. ಅದಕ್ಕೆ ಚಳಿ ಬೇಕೇ ಬೇಕು.

ಪಾಚಿ ಅಂದರೆ ನಮ್ಮ ಓದುಗರಿಗೆ ಮಳೆಗಾಲದಲ್ಲಿ ಚಾಳಿನ ಮೆಟ್ಟಿಲ ಮೇಲೆ ಕಟ್ಟುವ ಹಸಿರು. ಕಂದು ಪಾಚಿಯೂ ಇದೆ, ಡಯಾಟಮ್ ಅಂತ, ಗಾಜಿನಂಥ ಚಿಪ್ಪಿನ ಒಂದೇ ಕೋಶದ ಜೀವಿ ಅಂತ ಮೊದಲೇ ಹೇಳಿಬಿಡಿ. ಆ ತೊರೆಯ ಹತ್ತಿರ ಯಾವ ತಿಂಗಳು, ಎಷ್ಟು ಗಂಟೆಗೆ ಇದ್ದಿರಿ ಅನ್ನುವುದನ್ನೂ ಸೇರಿಸಿ. ಗಣೇಶ ಚತುರ್ಥಿಗೆ ಮುಂಚೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ.