ರ‍್ಯಾಮ್ ಹಾಕಿಸೋದಾ, ಹೊಸ ಕಂಪ್ಯೂಟರೇ ತರೋದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹಳೇ ಕಂಪ್ಯೂಟರಿನದ್ದೇ ಜಾಸ್ತಿ, ಅದರಲ್ಲೂ ಮಲೆನಾಡಿನ ಕಡೆಯವು. ಎಲ್ಲವೂ ರ‍್ಯಾಮಿನ, ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿಯ, ಸುತ್ತವೇ. ಮಳೆ ಹಿಡಿದು ಎಲ್ಲರೂ ಮನೆಯಲ್ಲೇ ಕೂತಿದ್ದೀರಿ ಅನ್ನಿಸುತ್ತದೆ.

ಪ್ರಶ್ನೆ: ಸರ್, ನಮ್ಮನೆಯಲ್ಲಿ 2013ರಲ್ಲಿ ತಂದ ಕಂಪ್ಯೂಟರ್ ಇದೆ. ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7. ತೋಟದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಸಂಘದ ನಡಾವಳಿ ಟೈಪ್ ಮಾಡೋದು, ಮಗಳು ಪಾಠದ ವಿಡಿಯೋ ನೋಡೋದು, ಇಷ್ಟೇ ಕೆಲಸ. ಬ್ರೌಸರ್ ಒತ್ತಿ ಕೊಟ್ಟಿಗೆಗೆ ಹೋಗಿ ಬರಬಹುದು, ಅಷ್ಟು ನಿಧಾನ. ಅಂಗಡಿಯವರು ಹೊಸದೇ ತಗೊಳ್ಳಿ ಅಂತಾರೆ. ರ‍್ಯಾಮ್ ಹಾಕಿಸಿದರೆ ಸಾಕಾಗಲ್ವಾ? ಎಷ್ಟು ಹಾಕಿಸಬೇಕು?
(ತೀರ್ಥಹಳ್ಳಿ ತಾಲ್ಲೂಕಿನಿಂದ)

ಉತ್ತರ: ನೀವು ಹೇಳಿದ ಕೆಲಸಕ್ಕೆ ಹೊಸದು ಬೇಡ. ಆದರೆ ದುಡ್ಡು ಬಿಚ್ಚೋ ಮೊದಲು ನಿಧಾನ ಆಗುತ್ತಿರುವುದು ರ‍್ಯಾಮ್ ಸಾಲದ್ದಕ್ಕೇನಾ ಅಂತ ನೋಡಿಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ದಿನಾ ಮಾಡೋ ಕೆಲಸವನ್ನೇ ಮಾಡುತ್ತಾ, ಬ್ರೌಸರ್‌ನಲ್ಲಿ ಎರಡು ಮೂರು ಪುಟ ತೆರೆದು, ಮೆಮೊರಿ ಎಷ್ಟು ಪರ್ಸೆಂಟ್ ತುಂಬಿದೆ ನೋಡಿ. ತೊಂಬತ್ತರ ಹತ್ತಿರ ನಿಂತೇ ಇದ್ದರೆ, ಕ್ಯಾಬಿನೆಟ್ ಮುಂದಿನ ಹಾರ್ಡ್ ಡಿಸ್ಕ್ ದೀಪ ಬಿಡದೆ ಮಿನುಗುತ್ತಿದ್ದರೆ, ರ‍್ಯಾಮ್ ಸಾಲುತ್ತಿಲ್ಲ ಅಂತಲೇ ಲೆಕ್ಕ. ಅಂಗಳ ಚಿಕ್ಕದಾಗಿ ಅಡಿಕೆಯನ್ನು ಅಟ್ಟಕ್ಕೆ ಹೊತ್ತು ಮತ್ತೆ ಇಳಿಸಿ ಒಣಗಿಸಿದ ಹಾಗೆ, ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿಗೆ ಹಾಕಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತಿರುತ್ತದೆ. ನೀವು ಕಾಯೋದು ಆ ಓಡಾಟಕ್ಕೆ. 2 ಜಿಬಿಯಲ್ಲಿ ಈಗಿನ ಬ್ರೌಸರ್ ನಡೆಸಿದರೆ ಹೀಗೇ ಆಗುತ್ತದೆ.

ಎಷ್ಟು ಹಾಕಿಸಬೇಕು? 8 ಜಿಬಿ. ಅದಕ್ಕಿಂತ ಜಾಸ್ತಿ ಈ ಕೆಲಸಕ್ಕೆ ಸುಮ್ನೆ ದಂಡ.

ಯಾವುದು ಅನ್ನೋದರಲ್ಲಿ ಸ್ವಲ್ಪ ಹುಷಾರಿರಬೇಕು. 2013ರ ಐ3 ಅಂದರೆ ಅದಕ್ಕೆ ಡಿಡಿಆರ್3 ತಲೆಮಾರಿನ ರ‍್ಯಾಮ್. ಡಿಡಿಆರ್4 ಬಂದಿದ್ದು 2014ರಲ್ಲಿ, ಅದು ನಿಮ್ಮ ಮದರ್‌ಬೋರ್ಡಿಗೆ ಕೂರುವುದೇ ಇಲ್ಲ. ಡಿಡಿಆರ್2 ಮತ್ತು 3 ಎರಡಕ್ಕೂ 240 ಪಿನ್ನೇ, ನೋಡಿದರೆ ಒಂದೇ ಥರ, ಆದರೆ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಕೂರದಿದ್ದರೆ ಒತ್ತಬೇಡಿ, ಸ್ಲಾಟ್ ಮುರಿದರೆ ಬೋರ್ಡೇ ಹೋಯಿತು. ಕರೆಂಟ್ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ, ಈಗಿರುವ ರ‍್ಯಾಮಿನ ಚೀಟಿ ಓದಿ. ಪಿಸಿ3-10600 ಅಂತಿದ್ದರೆ 1333, ಪಿಸಿ3-12800 ಅಂತಿದ್ದರೆ 1600 ವೇಗದ್ದು. ಎರಡು ವೇಗದವನ್ನು ಕೂಡಿಸಿ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಅಷ್ಟೇ. ಆದರೂ ನನ್ನ ಕೇಳಿದರೆ ಹಳೇ 2 ಜಿಬಿ ತೆಗೆದಿಟ್ಟು ಒಂದೇ ಜಾತಿಯ 4 ಜಿಬಿ ಎರಡು ಹಾಕಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಚಿತ್ರ ತೋರಿಸೋಕೂ ಇದೇ ರ‍್ಯಾಮಿನಿಂದ ಪಾಲು ತೆಗೆದುಕೊಳ್ಳುತ್ತದೆ, ಜೋಡಿಯಾಗಿದ್ದರೆ ಎರಡರಿಂದಲೂ ಒಟ್ಟಿಗೆ ಮಾಹಿತಿ ಹರಿಯುವುದರಿಂದ ಅದಕ್ಕೂ ಅನುಕೂಲ. ಶಿವಮೊಗ್ಗಕ್ಕೆ ಹೋಗುವಾಗ ಹಳೇ ಕಡ್ಡಿಯನ್ನು ಪೇಪರಿನಲ್ಲಿ ಸುತ್ತಿ ಜೊತೆಗೆ ಒಯ್ಯಿರಿ, ಬಾಯಲ್ಲಿ ವಿವರಿಸೋ ಗೋಳು ತಪ್ಪುತ್ತದೆ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಎಎಮ್‌ಡಿ ಕಂಪನಿಯ ಪ್ರೊಸೆಸರಿನ ಬೋರ್ಡಿಗೆ ಮಾತ್ರ ಆಗುವಂಥವು, ನಿಮ್ಮ ಐ3 ಇಂಟೆಲ್‌ನದು, ಹಾಗಾಗಿ ಸಣ್ಣ ಅಕ್ಷರ ಓದಿ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಹೇಳುವುದೇ ಇಲ್ಲ. 2 ಜಿಬಿ ಇದ್ದ ಕಂಪ್ಯೂಟರುಗಳಿಗೆ ಆಗ 32 ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದದ್ದು ಹೆಚ್ಚು. ಅದರಲ್ಲಿ 8 ಜಿಬಿ ಹಾಕಿದರೂ 4 ಜಿಬಿಗಿಂತ ಮೇಲಿನದು ಕೆಲಸಕ್ಕೆ ಬರುವುದಿಲ್ಲ, ಅದರಲ್ಲೂ ಬಳಸೋಕೆ ಸಿಗುವುದು ಮೂರು ಚಿಲ್ಲರೆ. ಕಂಪ್ಯೂಟರ್ ಅನ್ನೋ ಐಕಾನ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ನೋಡಿ. 32 ಅಂತಿದ್ದರೆ ಹೊಸದಾಗಿ 64 ಬಿಟ್ ಇನ್‌ಸ್ಟಾಲ್ ಮಾಡಲೇಬೇಕು, ಫೈಲೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡ ಮೇಲೆ.

ಹೇಗೂ ಇನ್‌ಸ್ಟಾಲ್ ಮಾಡುತ್ತೀರಿ ಅಂದರೆ ಮತ್ತೆ ವಿಂಡೋಸ್ 7 ಬೇಡ. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅಪ್‌ಡೇಟ್ ನಿಲ್ಲಿಸಿದೆ, 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು, 11ಕ್ಕೆ ನಿಮ್ಮ ಪ್ರೊಸೆಸರ್ ಹಳೇದಾಯಿತು. ಉಳಿದದ್ದು ಲಿನಕ್ಸ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ವ್ಯವಸ್ಥೆ. ಲಿನಕ್ಸ್ ಮಿಂಟ್ 4 ಜಿಬಿಯಲ್ಲೇ ಚೆನ್ನಾಗಿ ನಡೆಯುತ್ತದೆ, ನುಡಿಯ ಕೀಲಿಮಣೆಯೂ ಕಗಪ ಅನ್ನೋ ಹೆಸರಿನಲ್ಲಿ ಅದರಲ್ಲಿದೆ. ಒಂದೇ ತೊಡಕು, ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನಡಾವಳಿಗಳು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಾಯಿಸುವ ತನಕ ಗೋಜಲು ಗೋಜಲಾಗಿ ಕಾಣುತ್ತವೆ. ಆ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲ ಶುರುವಾದರೆ ಸಾಕು, ನಮ್ಮ ಕಂಪ್ಯೂಟರ್ ಆನ್ ಮಾಡಿದಾಗ ಬೀಪ್ ಬೀಪ್ ಅಂತ ಕೂಗುತ್ತೆ, ಸ್ಕ್ರೀನ್ ಕಪ್ಪು. ಬೇಸಿಗೆಯಲ್ಲಿ ಸರಿ ಇರುತ್ತೆ. ರಿಪೇರಿಯವರು ರ‍್ಯಾಮ್ ಹೋಗಿದೆ ಅಂತ ಹೋದ ವರ್ಷ ಒಂದು ಬದಲಾಯಿಸಿದರು. ಈ ವರ್ಷ ಮತ್ತೆ ಅದೇ ಕಥೆ.
(ಹೊಸನಗರದಿಂದ)

ಉತ್ತರ: ಬೇಸಿಗೆಯಲ್ಲಿ ಸರಿ ಇರುವ ರ‍್ಯಾಮ್ ಹೋಗಿಲ್ಲ, ಥಂಡಿ ಹಿಡಿದಿದೆ. ನಮ್ಮ ಕಡೆ ಗೋಡೆಯೇ ಬೆವರುವಾಗ ಇದೊಂದು ಬಿಟ್ಟೀತಾ? ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ, ಆಮೇಲೆ ಎರಡೂ ಕಡೆಯ ಕ್ಲಿಪ್ ಸರಿಸಿ ರ‍್ಯಾಮ್ ಎತ್ತಿ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಮಂಕಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿ, ಎರಡೂ ಮುಖ. ರಬ್ಬರಿನ ಪುಡಿ ಬೋರ್ಡಿನ ಮೇಲೆ ಬೀಳದ ಹಾಗೆ ದೂರ ಹಿಡಿದೇ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಸ್ಲಾಟಿಗೆ ಬಾಯಿಂದ ಊದಬೇಡಿ, ಎಲ್ಲರೂ ಊದುತ್ತಾರೆ, ಅದರಿಂದ ಇನ್ನಷ್ಟು ತೇವ ಹೋಗುತ್ತದೆ. ಒಣಗಿದ ಮೆತ್ತನೆ ಬ್ರಷ್ ಸಾಕು. ತಿರುಗಿ ಕೂರಿಸುವಾಗ ಕ್ಲಿಪ್ ತಾನಾಗಿ ಟಕ್ ಅನ್ನೋವರೆಗೂ ಒತ್ತಬೇಕು. ಅರ್ಧ ಕೂತ ರ‍್ಯಾಮೂ ಇದೇ ಥರ ಕೂಗಿಸುತ್ತದೆ.

ಆಮೇಲೆ ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಒಂದರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಗುಡುಗು ಸಿಡಿಲಿನ ಹೊತ್ತಲ್ಲಿ ಮಾತ್ರ ಬೇಡ, ಆಗ ಪ್ಲಗ್ ಕಿತ್ತೇ ಇರಲಿ. ಪ್ಲಾಸ್ಟಿಕ್ ಹೊದಿಸೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ವಾಸಿ. ಹೋದ ವರ್ಷ ತೆಗೆದ ಹಳೇ ರ‍್ಯಾಮ್ ವಾಪಸ್ ಕೊಟ್ಟಿದ್ದರೆ ಎಸೆಯಬೇಡಿ, ಉಜ್ಜಿ ಹಾಕಿ ನೋಡಿ, ಅದೂ ನಡೆಯಬಹುದು.

ಪ್ರಶ್ನೆ: ಕೆಟ್ಟ ಡೆಸ್ಕ್‌ಟಾಪಿನ ರ‍್ಯಾಮ್ ತೆಗೆದು ಲ್ಯಾಪ್‌ಟಾಪಿಗೆ ಹಾಕಬಹುದಾ? ಎರಡೂ ಡಿಡಿಆರ್3.
(ಸಾಗರದಿಂದ)

ಉತ್ತರ: ಆಗಲ್ಲ. ಲ್ಯಾಪ್‌ಟಾಪಿನದು ಹೆಚ್ಚುಕಡಿಮೆ ಅರ್ಧದಷ್ಟೇ ಉದ್ದ, 204 ಪಿನ್. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹಾಗಾಗಿ ಕೊಳ್ಳೋ ಮೊದಲು ಖಾಲಿ ಸ್ಲಾಟ್ ಇದೆಯಾ ನೋಡಿಸಿ.

ಪ್ರಶ್ನೆ: 4 ಜಿಬಿ ಇದ್ದದ್ದನ್ನು 16 ಮಾಡಿಸಿದೆ. ವಿಂಡೋಸ್ 10, 64 ಬಿಟ್. ಆನ್ ಆಗೋಕೆ ಈಗಲೂ ಮೊದಲಿನಷ್ಟೇ ಹೊತ್ತು. ಸಾಲದ್ದಕ್ಕೆ ವಾರಕ್ಕೊಮ್ಮೆ ನೀಲಿ ಸ್ಕ್ರೀನ್ ಬೇರೆ. ಅಂಗಡಿಯವರು ಟೋಪಿ ಹಾಕಿದರಾ?
(ಶಿವಮೊಗ್ಗ ನಗರದಿಂದ)

ಉತ್ತರ: ಮೊದಲನೇದಕ್ಕೆ ಟೋಪಿ ಅನ್ನೋ ಹಾಗಿಲ್ಲ. ಆನ್ ಆಗುವಾಗ ವಿಂಡೋಸ್ ಡಿಸ್ಕಿನಿಂದ ಎದ್ದು ಬರಬೇಕು, ಅಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ರ‍್ಯಾಮ್ ಎಷ್ಟಿದ್ದರೂ ಅಷ್ಟೇ. 8 ಹಾಕಿಸಿ, ಉಳಿದ ದುಡ್ಡಲ್ಲಿ 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿದ್ದರೆ ಗೊತ್ತಾಗುವಂಥ ವ್ಯತ್ಯಾಸ ಕಾಣುತ್ತಿತ್ತು. ಈಗಲೂ ಹಾಕಿಸಬಹುದು, ಹಳೇ ಡಿಸ್ಕ್ ಫೋಟೋ ವಿಡಿಯೋಗೆ ಇರಲಿ.

ನೀಲಿ ಸ್ಕ್ರೀನ್ ಮಾತ್ರ ಹೊಸ ರ‍್ಯಾಮ್ ಹಾಕಿದ ಮೇಲೆ ಶುರುವಾಗಿದ್ದರೆ ಬಿಡಬೇಡಿ. ಮೆಮ್‌ಟೆಸ್ಟ್86 ಪ್ಲಸ್ ಅನ್ನೋ ಪುಕ್ಕಟೆ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಸರಿ ಇಲ್ಲ. ಎರಡಿದ್ದರೆ ಒಂದೊಂದಾಗಿ ಹಾಕಿ ಓಡಿಸಿ, ಯಾವುದು ಕೆಟ್ಟಿದೆ ಅಂತ ಸಿಗುತ್ತದೆ. ಆ ಕೆಂಪು ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಿಲ್ ಸಮೇತ ಅಂಗಡಿಗೆ ಹೋಗಿ. ರ‍್ಯಾಮಿಗೆ ಸಾಮಾನ್ಯವಾಗಿ ವರ್ಷಗಟ್ಟಲೆ ವಾರಂಟಿ ಇರುತ್ತದೆ, ಬದಲಾಯಿಸಿ ಕೊಡಲೇಬೇಕು.