ಮೇಷ್ಟ್ರನ್ನು ಕೇಳಿ: ಕೈ ತಿದ್ದುವ ಮೊದಲು ಕಾಲು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಎಸೆತದ ಬಗ್ಗೆ ಕೇಳಿದವರೇ ಜಾಸ್ತಿ. ಅಮೆರಿಕದ ಫುಟ್‌ಬಾಲ್ ಇದೆ, ಕ್ರಿಕೆಟ್ ಇದೆ, ಜಾವೆಲಿನ್ ಇದೆ. ಎಲ್ಲದಕ್ಕೂ ಒಟ್ಟಿಗೇ ಉತ್ತರ ಬರೆದಿದ್ದೇನೆ. ರಾಯಚೂರಿನ ಪತ್ರಕ್ಕೆ ಜಾಗ ಹೆಚ್ಚು ಹೋಗಿದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಹೇಳಿದ್ದು ನಿಮಗೂ ಬೇಕಾಗುತ್ತದೆ.

ಪ್ರಶ್ನೆ: ಸರ್, ನನ್ನ ಅಣ್ಣನ ಮಗ ಟೆಕ್ಸಾಸ್‌ನಲ್ಲಿ ಹುಟ್ಟಿ ಬೆಳೆದವನು. ಅಲ್ಲೇ ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ತನ್ನವರಿಗೆ ಚೆಂಡು ಎಸೆದುಕೊಡುವವನು ಆಗಿದ್ದಾನೆ. ಕೈಯಲ್ಲಿ ಒಳ್ಳೆ ಕಸುವಿದೆ, 60 ಗಜ ಎಸೆಯುತ್ತಾನೆ. ಆದರೆ ಹೊಸ ಕೋಚ್ ಆರು ವಾರದಿಂದ ದೂರ ಎಸೆಯಲು ಬಿಟ್ಟೇ ಇಲ್ಲ. ಮಂಡಿಯೂರಿ ಎಸೆ, ಕಾಲು ಹೀಗಿಡು, ಹಾಗಿಡು ಅಂತ ದಿನವೂ ಅದನ್ನೇ ಮಾಡಿಸುತ್ತಾರಂತೆ. ‘ಕಾಕಾ, ಇವರು ನನ್ನ ಕೈ ಕೆಡಿಸ್ತಿದಾರೆ’ ಅಂತ ಫೋನಿನಲ್ಲಿ ಅಳುತ್ತಾನೆ. ಕೈಯಲ್ಲಿ ಎಸೆಯುವ ಆಟಕ್ಕೆ ಕಾಲಿನ ಗೊಡವೆ ಯಾಕೆ? ಅವನಿಗೆ ಏನು ಹೇಳಲಿ?
– ರಾಯಚೂರಿನ ಓದುಗರೊಬ್ಬರು

ಉತ್ತರ: ಕೋಚ್ ಮಾತು ಕೇಳು ಅಂತ ಹೇಳಿ. ಆ ಹುಡುಗನಿಗೆ ಒಳ್ಳೆಯ ಗುರು ಸಿಕ್ಕಿದ್ದಾರೆ.

ನಿವೃತ್ತಿ ಆದ ವರ್ಷ ಅಮೆರಿಕದ ಒಹಾಯೊದಲ್ಲಿ ಮಗಳ ಮನೆಯಲ್ಲಿ ಐದು ತಿಂಗಳು ಇದ್ದೆ. ಹತ್ತಿರದಲ್ಲೇ ಒಂದು ಕಾಲೇಜಿನ ಮೈದಾನ. ಬೆಳಿಗ್ಗೆ ವಾಕಿಂಗ್ ಹೋದವನು ಅಲ್ಲಿ ಬೇಲಿ ಹಿಡಿದು ನಿಂತುಬಿಡುತ್ತಿದ್ದೆ. ಬಳ್ಳಾರಿಯಲ್ಲಿ 32 ವರ್ಷ ಜಾವೆಲಿನ್, ಗುಂಡು, ಕ್ರಿಕೆಟ್ ಕಲಿಸಿದವನಿಗೆ ಅಲ್ಲಿ ಕಂಡ ಒಂದು ವಿಷಯ ಇವತ್ತಿಗೂ ಮರೆತಿಲ್ಲ. ಹುಡುಗ ಎಸೆಯುವಾಗ ಕೋಚ್ ಅವನ ಕೈ ನೋಡುತ್ತಲೇ ಇರಲಿಲ್ಲ. ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮುಂದಿನ ಪಾದವನ್ನು ನೋಡುತ್ತಿದ್ದರು. ಚೆಂಡು ಎಲ್ಲಿ ಬಿತ್ತು ಅಂತ ತಿರುಗಿಯೂ ನೋಡುತ್ತಿರಲಿಲ್ಲ.

ಬರುವಾಗ ಆ ಆಟದ ಒಂದು ಚೆಂಡು ತಂದೆ. ಈಗಲೂ ನನ್ನ ಮೇಜಿನ ಮೇಲಿದೆ. ಹನ್ನೊಂದು ಇಂಚು ಉದ್ದ, ಎರಡೂ ತುದಿ ಚೂಪು. ತೂಕ 400 ಗ್ರಾಂ ಆಸುಪಾಸು, ಅಂದರೆ ಕ್ರಿಕೆಟ್ ಚೆಂಡಿನ ಎರಡೂವರೆ ಪಟ್ಟು. ಮೈತುಂಬಾ ಸಣ್ಣ ಸಣ್ಣ ಗುಳ್ಳೆ, ಒಂದು ಕಡೆ ಎಂಟು ಅಡ್ಡ ಹೊಲಿಗೆಯ ಬಿಳಿ ಲೇಸು. ಉಂಗುರದ ಬೆರಳು, ಕಿರುಬೆರಳು ಆ ಲೇಸಿನ ಮೇಲೆ ಕೂರಬೇಕು. ತೋರುಬೆರಳು ಹಿಂದಿನ ತುದಿಯ ಹತ್ತಿರ ಇರಬೇಕು. ಅಂಗೈ ಚೆಂಡಿಗೆ ಅಂಟಬಾರದು, ನಡುವೆ ಬೆಳಕು ಕಾಣಬೇಕು. ಬಿಡುವಾಗ ತೋರುಬೆರಳು ಕೊನೆಗೆ ಸವರಿಕೊಂಡು ಬರುತ್ತದೆ, ಹೆಬ್ಬೆರಳು ನೆಲದ ಕಡೆ ತಿರುಗುತ್ತದೆ. ಆಗ ಚೆಂಡು ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತಾ ನೇರ ಹೋಗುತ್ತದೆ. ಅದಕ್ಕೆ ಅಲ್ಲಿಯವರು ಸ್ಪೈರಲ್ ಅನ್ನುತ್ತಾರೆ. ಕೈ ಮಾಡುವ ಕೆಲಸ ಹೆಚ್ಚು ಕಡಿಮೆ ಇಷ್ಟೇ.

ಇನ್ನು ಕಾಲಿನ ವಿಷಯ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿಗೆ ಕವಣೆ ಬೀಸುವವರನ್ನು ನೀವು ನೋಡಿರುತ್ತೀರಿ. ಚಿಕ್ಕವನಿದ್ದಾಗ ನಾನೂ ಬೀಸಿದ್ದೇನೆ. ಅಟ್ಟದ ಗೂಟ ಸಡಿಲವಾಗಿದ್ದ ದಿನ ಕಲ್ಲು ಹೊಲದ ಬದು ದಾಟುತ್ತಿರಲಿಲ್ಲ. ಕೈ ಅದೇ, ಕವಣೆ ಅದೇ. ಕಾಲ ಕೆಳಗೆ ಗಟ್ಟಿ ಇಲ್ಲ, ಅಷ್ಟೇ. ನೆಲ ಒದ್ದಾಗ ಹುಟ್ಟುವ ಬಲ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ, ಎದೆಯಿಂದ ಹೆಗಲಿಗೆ ಬಂದು, ಮೊಣಕೈ ದಾಟಿ ಬೆರಳ ತುದಿಗೆ ಹೋಗುತ್ತದೆ. ಬಾರುಕೋಲು ಬೀಸುವವರ ಮುಷ್ಟಿ ಎಷ್ಟು ಕಡಿಮೆ ಆಡುತ್ತದೆ, ಬಾರಿನ ತುದಿ ಎಷ್ಟು ಜೋರಾಗಿ ಚಟ್ ಅನ್ನುತ್ತದೆ ಅಲ್ವಾ? ಹಾಗೇ.

ನಿಮ್ಮ ಹುಡುಗನ ವಿಡಿಯೊ ನೀವು ಕಳಿಸಿದ್ದನ್ನು ಹತ್ತಾರು ಸಲ ನಿಧಾನ ಮಾಡಿ ನೋಡಿದೆ. ಅವನದು ಬಲಗೈ. ಎಸೆಯುವಾಗ ಎಡಗಾಲನ್ನು ತುಂಬಾ ದೂರ ಚಾಚುತ್ತಾನೆ. ಕಾಲು ದೂರ ಹೋದರೆ ಮೈಭಾರ ಹಿಂದೆಯೇ ಉಳಿಯುತ್ತದೆ, ಚೆಂಡು ಹಿಡಿಯುವವನ ತಲೆ ಮೇಲೆ ಹಾರಿಹೋಗುತ್ತದೆ. ಅಲ್ಲಿಯ ಕೋಚ್‌ಗಳು ಒಂದು ಸಣ್ಣ ಹೆಜ್ಜೆ ಸಾಕು ಅನ್ನುತ್ತಾರೆ. ನಾನಾದರೆ ಒಂದು ಗೇಣು ಅನ್ನುತ್ತಿದ್ದೆ. ಆ ಪಾದ ಗುರಿಯ ಕಡೆ, ಕೂದಲೆಳೆಯಷ್ಟು ಎಡಕ್ಕೆ ಇಳಿಯಬೇಕು. ಬಲಕ್ಕೆ ಇಳಿದರೆ ಸೊಂಟಕ್ಕೆ ಬೀಗ ಬಿದ್ದ ಹಾಗೆ. ಆಗ ಕೈ ಒಂದೇ ಎಲ್ಲ ಕೆಲಸ ಮಾಡಬೇಕಾಗುತ್ತದೆ. ತೀರಾ ಎಡಕ್ಕೆ ಹೋದರೆ ಎದೆ ಬೇಗ ತೆರೆದುಕೊಂಡು ಕೈ ಹಿಂದೆ ಬೀಳುತ್ತದೆ.

ಪಾದ ಊರಿದ ಮೇಲೆ ಮೊದಲು ಸೊಂಟ ತಿರುಗಬೇಕು. ಹೆಗಲು ಆಮೇಲೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟೂ ಹೊತ್ತಿಲ್ಲದ ಆ ಅಂತರದಲ್ಲೇ ಎಸೆತದ ಜೀವ ಇದೆ. ಒದ್ದೆ ಬಟ್ಟೆ ಹಿಂಡುವಾಗ ಒಂದು ತುದಿ ತಿರುಗಿ ಇನ್ನೊಂದು ತುದಿ ತಡೆದು ನಿಲ್ಲುತ್ತದಲ್ಲ, ಹೊಟ್ಟೆ ಬೆನ್ನಿನ ಸ್ನಾಯು ಹಾಗೆ ಬಿಗಿಯಾಗುತ್ತದೆ. ಎರಡೂ ಒಟ್ಟಿಗೆ ತಿರುಗಿದರೆ ಬಿಗಿಯೇ ಇಲ್ಲ. ಖಾಲಿ ಎಡಗೈ ಎದೆಗೆ ಮಡಚಿಕೊಳ್ಳಬೇಕು. ಅದು ಗಾಳಿಯಲ್ಲಿ ಹಾರಾಡಿದರೆ ಮೈ ಗುರಿಯಿಂದ ಆಚೆ ಎಳೆದುಕೊಂಡು ಹೋಗುತ್ತದೆ. ಬಲ ಮೊಣಕೈ ಹೆಗಲಿನ ಮಟ್ಟಕ್ಕಿಂತ ಕೆಳಗೆ ಬರಬಾರದು.

ಮಂಡಿಯೂರಿಸುವುದೂ ಇದಕ್ಕೇ. ಬಲ ಮಂಡಿ ನೆಲಕ್ಕೆ ಕೊಟ್ಟರೆ ಕಾಲಿನ ನೆರವು ಇಲ್ಲ. ಎದೆ, ಹೆಗಲು, ಕೈ ಸರದಿಯಲ್ಲಿ ಬರುತ್ತಿವೆಯೋ ಇಲ್ಲವೋ ಬರಿಗಣ್ಣಿಗೇ ಕಾಣುತ್ತದೆ. ಮಂಡಿಯೂರಿದಾಗ ಚೆಂಡು ಎಷ್ಟು ದೂರ ಹೋಗುತ್ತದೆ ಅಂತ ಅವನನ್ನೇ ಕೇಳಿ. 60 ಗಜಕ್ಕೆ ಎಷ್ಟು ಕಡಿಮೆ ಬಿತ್ತೋ ಅಷ್ಟೂ ಅವನ ಕಾಲಿನ ಪಾಲು.

ದೂರ ಎಸೆಯುತ್ತಾನಲ್ಲ ಅಂತ ನೀವು ಕೇಳಬಹುದು. ಆದರೆ ಆ ಆಟದಲ್ಲಿ ಅವನಿಗೆ ಸಿಗುವುದು ಮೂರು ಸೆಕೆಂಡು, ಎಷ್ಟೋ ಸಲ ಅದೂ ಇಲ್ಲ. ಕೆಡವಲು ದೈತ್ಯರ ಹಾಗಿರುವವರು ನುಗ್ಗಿ ಬರುತ್ತಿರುತ್ತಾರೆ. ಚೆಂಡನ್ನು ಸೊಂಟದವರೆಗೆ ಇಳಿಸಿ, ಸುತ್ತು ಹಾಕಿ ತರುವ ಅಭ್ಯಾಸ ಅವನಿಗಿದೆ. ಅದರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಹೋದರೂ, ಸೆಕೆಂಡಿಗೆ 8 ಮೀಟರ್ ಓಡುವ ಎದುರಾಳಿ 80 ಸೆಂಟಿಮೀಟರ್ ಹತ್ತಿರ ಬಂದಿರುತ್ತಾನೆ. ಚೆಂಡಿಗೆ ಅಡ್ಡ ಕೈ ಹಾಕಲು ಅಷ್ಟು ಸಾಕು. ಕಾಲು ಸರಿಹೋದರೆ ಆ ಸುತ್ತು ತಾನಾಗಿಯೇ ಸಣ್ಣದಾಗುತ್ತದೆ. ಕಾಲು ಕೊಡದ ಬಲ ಹುಡುಕಲು ಕೈ ಅಷ್ಟು ಸುತ್ತುತ್ತಿದೆ ಅಂತ ನನ್ನ ಅನಿಸಿಕೆ.

ಕ್ವಾರ್ಟರ್‌ಬ್ಯಾಕ್ ಜೋಶ್ ಆಲನ್ ಹೆಸರು ಅವನಿಗೆ ಗೊತ್ತೇ ಇರುತ್ತದೆ. ಕ್ಯಾಲಿಫೋರ್ನಿಯಾದ ರೈತರ ಮನೆ ಹುಡುಗ. ಶಾಲೆ ಮುಗಿದಾಗ ದೊಡ್ಡ ಕಾಲೇಜು ಯಾವುದೂ ಕರೆಯಲಿಲ್ಲ. ಆಮೇಲೆ ವಯೋಮಿಂಗ್ ವಿಶ್ವವಿದ್ಯಾಲಯಕ್ಕೆ ಆಡಿದರು. ತೋಳು ಅಂದರೆ ತೋಳು, ಆದರೆ ಗುರಿ ನಿಲ್ಲುತ್ತಿರಲಿಲ್ಲ. ಬಫಲೊ ಬಿಲ್ಸ್ ಅನ್ನುವ ವೃತ್ತಿಪರ ತಂಡ ಸೇರಿದ 2018ರಲ್ಲಿ ಅವರ ಪಾಸ್‌ಗಳಲ್ಲಿ ತಮ್ಮವರ ಕೈ ಸೇರಿದ್ದು ಶೇ. 52.8. ಬೇಸಿಗೆಯ ರಜೆಗಳಲ್ಲಿ ಕೂತು ಎಸೆತವನ್ನು ಬುಡದಿಂದ ತಿದ್ದಿಕೊಂಡರು. 2020ರಲ್ಲಿ ಅದು ಶೇ. 69.2 ಆಯಿತು. ನಿಮ್ಮ ಹುಡುಗ ಆರು ವಾರಕ್ಕೇ ಅಳುತ್ತಿದ್ದಾನೆ.

ಇನ್ನೊಂದು ಮಾತು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಪಕ್ಕದಿಂದ ಕೈ ಬೀಸಿ ಎಸೆಯುತ್ತಾರೆ, ನಾನ್ಯಾಕೆ ಎಸೆಯಬಾರದು ಅಂತ ಅವನು ಕೇಳೇ ಕೇಳುತ್ತಾನೆ. ಮಹೋಮ್ಸ್ ತಂದೆ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವರು ಆಗಿದ್ದರು. ಮಗ ನಡೆಯಲು ಕಲಿತಾಗಿನಿಂದ ಚೆಂಡಿನ ಜೊತೆಗೇ ಬೆಳೆದವರು, ನಾನಾ ಕೋನದಿಂದ ಎಸೆಯುವುದು ಮೈಗೆ ಬಂದುಬಿಟ್ಟಿದೆ. ಅದನ್ನು ವಿಡಿಯೊ ನೋಡಿ ಎರವಲು ತರಲು ಬರುವುದಿಲ್ಲ. ಬೇಸ್‌ಬಾಲ್‌ಗೂ ಈ ಆಟಕ್ಕೂ ಕೊಡುಕೊಳ್ಳುವುದು ಇದ್ದೇ ಇದೆ. ಟಾಮ್ ಬ್ರೇಡಿ, ಡ್ರೂ ಬ್ರೀಸ್ ಅನ್ನುವ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಇಬ್ಬರಿಗೂ ಎಸೆತ ತಿದ್ದಿದ ಟಾಮ್ ಹೌಸ್ ಕೂಡ ಹಳೆಯ ಪಿಚರ್.

ಪ್ರಶ್ನೆ: ಕಾಲಲ್ಲಿ ಆಡದ ಆಟಕ್ಕೆ ಫುಟ್‌ಬಾಲ್ ಅಂತ ಹೆಸರು ಯಾಕೆ ಸರ್?
– ಕೊಪ್ಪಳದಿಂದ ಪಿಯುಸಿ ವಿದ್ಯಾರ್ಥಿ

ಉತ್ತರ: ಮೊದಲು ಕಾಲಲ್ಲೇ ಆಡುತ್ತಿದ್ದರು. ಅಲ್ಲಿಯ ಕಾಲೇಜುಗಳ ನಡುವಿನ ಮೊದಲ ಪಂದ್ಯ 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆಯಿತು. ಅದರಲ್ಲಿ ಚೆಂಡನ್ನು ಎತ್ತಿಕೊಂಡು ಓಡುವಂತಿರಲಿಲ್ಲ. ಆಮೇಲೆ ಚೆಂಡು ಹಿಡಿದು ಓಡುವ ರಗ್ಬಿ ಆಟದ ನಿಯಮಗಳು ಸೇರಿಕೊಂಡವು. ಎಲ್ಲರೂ ಗುಂಪಾಗಿ ಒಬ್ಬರ ಮೇಲೊಬ್ಬರು ಬಿದ್ದು ಹುಡುಗರು ಸಾಯುವಂತಾಯಿತು. ಆಟ ಬಿಡಿ ಬಿಡಿಯಾಗಲಿ ಅಂತ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿದರು. ಕ್ವಾರ್ಟರ್‌ಬ್ಯಾಕ್ ಎಸೆಯುವವನಾಗಲು ದಾರಿ ತೆರೆದದ್ದು ಅಲ್ಲಿಂದ.

ಪ್ರಶ್ನೆ: ಸರ್, ನಾನು ಕಾಲೇಜು ಕ್ರಿಕೆಟ್ ತಂಡದಲ್ಲಿ ಇದ್ದೀನಿ. ಬೌಂಡರಿಯಿಂದ ಎಸೆದ ಮೇಲೆ ಮೊಣಕೈ ಒಳಭಾಗ ನೋಯುತ್ತದೆ. ಮುಲಾಮು ಹಚ್ಚಿಕೊಂಡು ಆಡ್ತಿದ್ದೀನಿ. ಅಮ್ಮನಿಗೆ ಹೇಳಿಲ್ಲ.
– ಸಿಂಧನೂರಿನ ವಿದ್ಯಾರ್ಥಿನಿ

ಉತ್ತರ: ಮೊದಲು ಅಮ್ಮನಿಗೆ ಹೇಳಮ್ಮ. ಇವತ್ತೇ. ಎಸೆಯುವುದನ್ನು ನಿಲ್ಲಿಸಿ ಮೂಳೆ ಡಾಕ್ಟರ್‌ಗೆ ತೋರಿಸು. ಮೊಣಕೈ ಒಳಗಡೆ ಎರಡು ಮೂಳೆ ಹಿಡಿದಿಡುವ ಒಂದು ಪಟ್ಟಿ ಇದೆ, ಎಸೆಯುವವರಿಗೆ ಅದು ಸವೆಯುತ್ತದೆ. ಮುಲಾಮಿಗೆ ಅದು ಬಗ್ಗುವುದಿಲ್ಲ. ನೀರಜ್ ಚೋಪ್ರಾ ನಮ್ಮ ತೋರಣಗಲ್ಲಿನ ಹತ್ತಿರದ ಕ್ರೀಡಾ ಸಂಸ್ಥೆಯಲ್ಲೂ ತರಬೇತಿ ಪಡೆದವರು. 2019ರಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡು ಎಷ್ಟೋ ತಿಂಗಳು ಸ್ಪರ್ಧೆಯಿಂದ ದೂರ ಇದ್ದರು. 2021ರಲ್ಲಿ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ತಂದರು. ಕಾಯುವುದರಿಂದ ನಿನ್ನ ಆಟ ಎಲ್ಲೂ ಹೋಗುವುದಿಲ್ಲ.

ಡಾಕ್ಟರ್ ಸರಿ ಅಂದ ಮೇಲೆ, ಚೆಂಡು ಎತ್ತಿದ ಜಾಗದಲ್ಲೇ ನಿಂತು ಎಸೆಯಬೇಡ. ಒಂದು ಸಣ್ಣ ಕುಪ್ಪಳಿಕೆ ಹಾಕಿ, ಹಿಂದಿನ ಕಾಲು ಅಡ್ಡ ಊರಿ, ಮುಂದಿನ ಕಾಲು ವಿಕೆಟ್ ಕಡೆ ಇಟ್ಟು ಎಸೆ. ದಿನಕ್ಕೆ ಎಷ್ಟು ಎಸೆದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ನಿಮ್ಮ ಚೆಂಡು ಗಂಡುಮಕ್ಕಳದ್ದಕ್ಕಿಂತ ಹಗುರ, 140ರಿಂದ 151 ಗ್ರಾಂ. ಅಭ್ಯಾಸಕ್ಕೂ ಅದನ್ನೇ ಕೇಳಿ ತರಿಸಿಕೊ.

ಪ್ರಶ್ನೆ: ಗುರುಗಳೇ, ನಾನು ಹೊಸದಾಗಿ ಸೇರಿದ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಶಾಲೆಯ ಒಬ್ಬ ಹುಡುಗ ಮೊಣಕೈ ಇಳಿಸಿ ಪಕ್ಕದಿಂದ ಜಾವೆಲಿನ್ ಎಸೆಯುತ್ತಾನೆ. ಆದರೂ ತಾಲ್ಲೂಕಿಗೆ ಮೊದಲು ಬಂದ. ಜಿಲ್ಲಾ ಮಟ್ಟಕ್ಕೆ ಇನ್ನು ಮೂರು ವಾರ ಇದೆ. ಈಗಲೇ ತಿದ್ದಲಾ, ಬಿಡಲಾ?
– ಸಿರುಗುಪ್ಪ ತಾಲ್ಲೂಕಿನ ಶಿಕ್ಷಕರು

ಉತ್ತರ: ಮೊಣಕೈ ನೋಯುತ್ತಿದೆಯಾ ಅಂತ ಮೊದಲು ಕೇಳಿ. ನೋವಿದ್ದರೆ ಜಿಲ್ಲಾ ಮಟ್ಟ ಬಿಟ್ಟುಬಿಡಿ. ನೋವಿಲ್ಲ ಅಂದರೆ ಮೂರು ವಾರ ಆ ಕೈ ಮುಟ್ಟಬೇಡಿ.

ನೌಕರಿಗೆ ಸೇರಿದ ಆರಂಭದಲ್ಲಿ ನನ್ನ ಹತ್ತಿರ ಇಂಥವನೇ ಒಬ್ಬ ಇದ್ದ. ಸ್ಪರ್ಧೆಗೆ ಹತ್ತು ದಿನ ಇರುವಾಗ ‘ಮೊಣಕೈ ಮೇಲೆ, ಮೊಣಕೈ ಮೇಲೆ’ ಅಂತ ಬೆಳಿಗ್ಗೆ ಸಂಜೆ ಕೂಗಿದೆ. ಸ್ಪರ್ಧೆಯ ದಿನ ಓಡಿ ಬರುವಾಗಲೇ ಅವನ ಕಣ್ಣು ತನ್ನ ಮೊಣಕೈ ಕಡೆ ಹೊರಳುತ್ತಿತ್ತು. ಹೆಜ್ಜೆ ತಪ್ಪಿತು. ಮೊದಲನೆಯದು ಫೌಲ್. ಎರಡನೆಯದೂ ಫೌಲ್. ಮೂರನೆಯದಕ್ಕೆ ಗೆರೆ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ಜಾವೆಲಿನ್ ಕೈಯಲ್ಲೇ ಇತ್ತು. ಮೆಲ್ಲಗೆ ನೆಲದ ಮೇಲಿಟ್ಟು, ಶೂಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತಾ ಕೂತ. ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಅವನ ಮನೆಗೆ ಎರಡು ಸಲ ಹೋದೆ, ಒಳಗಿಂದ ಹೊರಗೆ ಬರಲಿಲ್ಲ. ಅದು ನನ್ನ ತಪ್ಪು, ಅವನದಲ್ಲ.

ಅದಾದ ಮೇಲೆ ಹುಡುಗರನ್ನು ಕಾಲಿನಿಂದ ಮೇಲಕ್ಕೆ ನೋಡಲು ಕಲಿತೆ. ಒಂದು ಸಲಕ್ಕೆ ಒಂದೇ ವಿಷಯ ಹೇಳುತ್ತಿದ್ದೆ. ಒಹಾಯೊದ ಆ ಕೋಚ್ ಕೂತಿದ್ದ ರೀತಿ ನೋಡಿ ನನಗೆ ಅಷ್ಟು ಸಂತೋಷ ಆಗಿದ್ದು ಅದಕ್ಕೇ.

ನಿಮ್ಮ ಹುಡುಗನ ಕೊನೆಯ ಎರಡು ಹೆಜ್ಜೆಯನ್ನು ಫೋನಿನಲ್ಲಿ ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತೆಗೆದಿಟ್ಟುಕೊಳ್ಳಿ. ಅವನಿಗೆ ಈಗ ತೋರಿಸಬೇಡಿ. ಎಡಗಾಲು ಊರಿದಾಗ ಮಂಡಿ ಕುಸಿಯುತ್ತಿದ್ದರೆ ಮೊಣಕೈ ಇಳಿಯುವುದು ಸಹಜ. ಜಿಲ್ಲಾ ಮಟ್ಟ ಮುಗಿಯಲಿ, ಆಮೇಲೆ ಎರಡು ತಿಂಗಳು ನಿಂತಲ್ಲೇ ಎಸೆಯುವುದರಿಂದ ಶುರು ಮಾಡಿ. ನಾನೂ ಒಂದು ಭಾನುವಾರ ಸಿರುಗುಪ್ಪಕ್ಕೆ ಬರುತ್ತೇನೆ, ಆ ಅಮೆರಿಕದ ಚೆಂಡನ್ನೂ ತರುತ್ತೇನೆ. ಕೈ ಅಡ್ಡ ಬಂದರೆ ಅದು ಗಾಳಿಯಲ್ಲಿ ಗಿರಕಿ ತಪ್ಪಿ ತೂರಾಡುತ್ತದೆ. ನಾವು ಕೂಗುವುದೇ ಬೇಡ, ಹುಡುಗನಿಗೇ ಕಾಣುತ್ತದೆ.