ಏಜೆನ್ಸಿ ಬಿಟ್ಟ ಕಲಾವಿದರು ತೆರೆಯಿಂದ ಏಕೆ ಮರೆಯಾಗುತ್ತಾರೆ?

ಪ್ರಶ್ನೆ: ಜಪಾನಿನಲ್ಲಿ ಎಷ್ಟೇ ಜನಪ್ರಿಯರಾದ ಕಲಾವಿದರೂ ತಮ್ಮ ಏಜೆನ್ಸಿಯಿಂದ ಹೊರಬಂದ ಮೇಲೆ ಟಿ.ವಿ.ಯಲ್ಲಿ ಕಾಣಿಸುವುದು ನಿಂತುಹೋಗುತ್ತದೆ ಎಂದು ಓದಿದ್ದೇನೆ. ಇದು ನಿಜವೇ? ಕಾನೂನು ಇದನ್ನು ತಡೆಯುವುದಿಲ್ಲವೇ?

ಉತ್ತರ: ದೀರ್ಘಕಾಲ ಇದು ಬಹುಮಟ್ಟಿಗೆ ನಿಜವಾಗಿತ್ತು, ಈಚಿನ ವರ್ಷಗಳಲ್ಲಿ ಸಡಿಲಗೊಳ್ಳುತ್ತಿದೆ. ಜಪಾನಿನಲ್ಲಿ ‘ಜಿಮುಶೊ’ ಎಂದು ಕರೆಯುವ ಏಜೆನ್ಸಿಯ ಕೆಲಸ ಅವಕಾಶ ಹುಡುಕಿಕೊಡುವುದಕ್ಕೆ ಸೀಮಿತವಲ್ಲ. ಹದಿಹರೆಯದವರನ್ನು ಆಯ್ದು, ಹಾಡು ಮತ್ತು ಕುಣಿತ ಕಲಿಸಿ, ಅನೇಕ ವೇಳೆ ತಿಂಗಳ ಸಂಬಳ ಕೊಟ್ಟು, ಜಾಹೀರಾತಿನಿಂದ ಹಿಡಿದು ಖಾಸಗಿ ಬದುಕಿನ ನಡವಳಿಕೆಯವರೆಗೆ ಎಲ್ಲವನ್ನೂ ಅದೇ ನಿರ್ಧರಿಸುತ್ತದೆ. ಇದರ ಜೊತೆಗೆ ‘ಬಾಟಾ’ ಎಂಬ ಪದ್ಧತಿಯಿದೆ: ಪ್ರಸಿದ್ಧ ತಾರೆಯೊಬ್ಬರು ಧಾರಾವಾಹಿಗೆ ಬೇಕೆಂದರೆ ಅದೇ ಏಜೆನ್ಸಿಯ ಹೊಸಬರೊಬ್ಬರಿಗೂ ಪಾತ್ರ ಕೊಡಬೇಕು. ಹೀಗಾಗಿ ಒಂದು ದೊಡ್ಡ ಏಜೆನ್ಸಿಯ ಮನಸ್ಸು ಕೆಡಿಸಿಕೊಂಡ ವಾಹಿನಿಗೆ ಅದರ ತಾರೆಯರೆಲ್ಲರೂ ಕೈತಪ್ಪುವ ಭಯವಿರುತ್ತದೆ. ಬಿಟ್ಟುಹೋದವರನ್ನು ಕರೆಯಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೇಲಿನವರ ಇಂಗಿತವನ್ನು ತಾನಾಗಿ ಊಹಿಸಿ ನಡೆಯುವುದಕ್ಕೆ ಜಪಾನೀಯರಲ್ಲಿ ‘ಸೊಂತಾಕು’ ಎಂಬ ಪದವೇ ಇದೆ, ಮತ್ತು ಕಾನೂನಿಗೆ ಸಿಕ್ಕದಿರುವುದು ಮುಖ್ಯವಾಗಿ ಈ ಮೌನವೇ.

2016ರ ಕೊನೆಯಲ್ಲಿ ವಿಸರ್ಜನೆಗೊಂಡ ‘ಸ್ಮ್ಯಾಪ್’ ಎಂಬ ಜನಪ್ರಿಯ ಗಾಯಕರ ತಂಡದ ಮೂವರು ಮರುವರ್ಷ ಜಾನೀಸ್ ಏಜೆನ್ಸಿಯನ್ನು ಬಿಟ್ಟರು. ಅವರಿಗೆ ಅವಕಾಶ ಸಿಗದಂತೆ ವಾಹಿನಿಗಳ ಮೇಲೆ ಒತ್ತಡವಿತ್ತೆಂಬ ಸಂಶಯದ ಮೇಲೆ ಜಪಾನಿನ ನ್ಯಾಯಸಮ್ಮತ ವ್ಯಾಪಾರ ಆಯೋಗವು 2019ರ ಜುಲೈನಲ್ಲಿ ಏಜೆನ್ಸಿಗೆ ಎಚ್ಚರಿಕೆ ನೀಡಿತು. ಕಾನೂನು ಉಲ್ಲಂಘನೆಯಾಗಿದೆ ಎಂದು ಮಾತ್ರ ತೀರ್ಮಾನಿಸಲಿಲ್ಲ. ಎಚ್ಚರಿಕೆ ಸುದ್ದಿಯಾದದ್ದೇ ಆಗಿನ ಮಟ್ಟಿಗೆ ದೊಡ್ಡ ಬದಲಾವಣೆ.

ಇದೇ ಮೌನ ಅದೇ ಸಂಸ್ಥೆಯಲ್ಲಿ ಇನ್ನೂ ಘೋರವಾದದ್ದನ್ನು ಮುಚ್ಚಿಟ್ಟಿತ್ತು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಸಂಸ್ಥಾಪಕ ಜಾನಿ ಕಿತಾಗಾವಾ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂಬ ವಾರಪತ್ರಿಕೆಯೊಂದರ ವರದಿಯ ಮುಖ್ಯ ಅಂಶವನ್ನು ಟೋಕಿಯೊ ಹೈಕೋರ್ಟ್ 2003ರಲ್ಲೇ ಸತ್ಯವೆಂದು ಒಪ್ಪಿತ್ತು. ಆದರೂ ದೊಡ್ಡ ವಾಹಿನಿಗಳು ಅದನ್ನು ಬಹುತೇಕ ಕಡೆಗಣಿಸಿದವು, ಅವರ ಬಳಿಗೆ ಮಕ್ಕಳು ಸೇರುತ್ತಲೇ ಇದ್ದರು. 2019ರಲ್ಲಿ ಅವರು ತೀರಿಕೊಂಡು ನಾಲ್ಕು ವರ್ಷಗಳ ನಂತರ, ಬಿ.ಬಿ.ಸಿ. ಸಾಕ್ಷ್ಯಚಿತ್ರ ಪ್ರಸಾರವಾಗಿ ಸಂತ್ರಸ್ತರು ಮುಖ ತೋರಿಸಿ ಮಾತನಾಡಿದ ಮೇಲೆಯೇ ಏಜೆನ್ಸಿ ತಪ್ಪೊಪ್ಪಿಕೊಂಡಿತು. ಅನಂತರ ಅದು ಹಳೆಯ ಹೆಸರನ್ನು ಕೈಬಿಟ್ಟು ಪರಿಹಾರ ಕೊಡುವ ಕೆಲಸಕ್ಕಷ್ಟೇ ಉಳಿಯಿತು; ಕಲಾವಿದರ ನಿರ್ವಹಣೆಗೆ ಬೇರೆ ಕಂಪನಿ ಹುಟ್ಟಿಕೊಂಡಿತು. ಆ ವರ್ಷ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಎಚ್.ಕೆ.ಯ ವರ್ಷಾಂತ್ಯದ ಸಂಗೀತ ಕಾರ್ಯಕ್ರಮಕ್ಕೆ ಆಯ್ಕೆಯಾದವರ ಪಟ್ಟಿಯಲ್ಲಿ ಈ ಏಜೆನ್ಸಿಯ ಗಾಯಕರು ಒಬ್ಬರೂ ಇರಲಿಲ್ಲ.

ಪ್ರಶ್ನೆ: ಏಜೆನ್ಸಿಗಳು ತರಬೇತಿ ಕೊಟ್ಟು ಬೆಳೆಸುವ ಅಲ್ಲಿನ ‘ಐಡಲ್’ ಗಾಯಕಿಯರು ಪ್ರೀತಿಸಬಾರದೆಂದು ಕರಾರಿನಲ್ಲೇ ಬರೆಯುತ್ತಾರಂತೆ. ನ್ಯಾಯಾಲಯ ಇದನ್ನು ಒಪ್ಪುತ್ತದೆಯೇ?

ಉತ್ತರ: ಒಂದೇ ನ್ಯಾಯಾಲಯ ಎರಡು ಬಗೆಯ ತೀರ್ಪು ಕೊಟ್ಟಿದೆ. ಇಂಥ ಕರಾರು ಮುರಿದ ಹದಿನೇಳು ವರ್ಷದ ಹುಡುಗಿಯೊಬ್ಬಳು ಸುಮಾರು 6.5 ಲಕ್ಷ ಯೆನ್ ಕೊಡಬೇಕೆಂದು ಟೋಕಿಯೊ ಜಿಲ್ಲಾ ನ್ಯಾಯಾಲಯ 2015ರಲ್ಲಿ ಆದೇಶಿಸಿತು. ಕೆಲವೇ ತಿಂಗಳ ನಂತರ, 2016ರ ಜನವರಿಯಲ್ಲಿ, ಮತ್ತೊಬ್ಬ ಗಾಯಕಿಯ ಪ್ರಕರಣದಲ್ಲಿ ಒಲವಿನ ಸಂಬಂಧವು ಸಂತೋಷವನ್ನು ಅರಸುವ ಹಕ್ಕಿನ ಭಾಗವೆಂದು ಹೇಳಿ ಏಜೆನ್ಸಿಯ ಬೇಡಿಕೆಯನ್ನು ತಳ್ಳಿಹಾಕಿತು. ಎರಡನೆಯ ತೀರ್ಪೇ ಸರಿಯಾದದ್ದೆಂಬುದು ನನ್ನ ದೃಢ ಅಭಿಪ್ರಾಯ, ಅಭಿಮಾನಿಗಳು ಸಿ.ಡಿ. ಕೊಂಡು ಹಸ್ತಲಾಘವಕ್ಕೆ ಸಾಲು ನಿಲ್ಲುವ ಈ ವ್ಯಾಪಾರದಲ್ಲಿ ‘ಯಾರಿಗೂ ಸೇರದವಳು’ ಎಂಬ ಭಾವನೆಯನ್ನೇ ಮಾರಲಾಗುತ್ತಿದೆ, ಮತ್ತು ಅದರ ಬೆಲೆಯನ್ನು ಆ ಹುಡುಗಿಯರೇ ತೆರುತ್ತಿದ್ದಾರೆ.